ಕೆಂಪು ರೇಷ್ಮೆ ದಾರ ಕಟ್ಟಿದ ನಕ್ಷೆಗಳು

ಹೋದ ವಾರ ಯಳಂದೂರಿನ ಹಳೆಯ ನಕ್ಷೆಯೊಂದು ಬೇಕಾಗಿ ಕಚೇರಿಯ ಕಬ್ಬಿಣದ ಬೀರು ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಸುರುಳಿಯನ್ನು ಎಳೆದಾಗ ಬೆರಳಿಗೆ ಕೆಂಪು ರೇಷ್ಮೆ ದಾರ ಸುತ್ತಿಕೊಂಡಿತು. ಹಾಳಾದ್ದು, ಅಲ್ಲೇ ಕಣ್ಣು ತುಂಬಿಬಂತು.

ಕೊಳ್ಳೇಗಾಲದ ಈ ಕುಡಿಯುವ ನೀರಿನ ಕಚೇರಿಗೆ ನಾನು ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸಕ್ಕೆ ಸೇರಿದಾಗ ಹಿರಿಯರೊಬ್ಬರು ಇಲ್ಲಿ ಕೈಯಲ್ಲಿ ನಕ್ಷೆ ಬರೆಯುತ್ತಿದ್ದರು. ಮನೆಯಲ್ಲಿ ಮಗ್ಗವಿತ್ತು, ಉಳಿದ ನೂಲು ತಂದು ನಕ್ಷೆಗಳಿಗೆ ಕಟ್ಟುತ್ತಿದ್ದರು. ಪೈಪುಗಳ ಮೂಲ ನಕ್ಷೆಯಿಂದ ಒಂದು ದಾರ ವಾಲ್ವುಗಳ ನಕ್ಷೆಗೆ, ಅಲ್ಲಿಂದ ಇನ್ನೊಂದು ರಿಪೇರಿಯ ನಕ್ಷೆಗೆ... ಒಂದನ್ನು ಎಳೆದರೆ ಅದನ್ನು ನಂಬಿಕೊಂಡವೆಲ್ಲ ಅಲುಗಾಡಬೇಕು. "ನಕ್ಷೆಗೂ ಉಡಿದಾರ ಕಟ್ತಾರಪ್ಪ" ಎಂದು ನಾವು ಹಿಂದಿನಿಂದ ನಗುತ್ತಿದ್ದೆವು.

ಆಮೇಲೆ ನಕ್ಷೆಗಳೆಲ್ಲ ಕಂಪ್ಯೂಟರಿಗೆ ಬಂದವು. ಅದರಲ್ಲೂ ಅಂಥದ್ದೊಂದು ಪುಟವಿತ್ತು. ಯಾವ ನಕ್ಷೆಯ ಮೇಲೆ ಯಾವುದು ನಿಂತಿದೆ ಎಂದು ಗೆರೆ ಎಳೆದು ತೋರಿಸುತ್ತಿತ್ತು. ಒಮ್ಮೆ ಅವರಿಗೆ ತೆಗೆದು ತೋರಿಸಿದೆ. ಕುರ್ಚಿ ಎಳೆದುಕೊಂಡು ಕೂತವರು ಊಟಕ್ಕೂ ಏಳಲಿಲ್ಲ.

"ಅಯ್ಯೋ, ನನ್ ದಾರನೇ ಕಣವ್ವ ಇದು! ಏನಾರ ಅಳ್ಸಬೇಕಾದ್ರೆ ಮೊದ್ಲು ಈ ಎಳೆ ಇಡ್ಕಂಡು ನೋಡ್ಬುಡು" ಎಂದರು. ಹೂಂ ಎಂದೆ.

ನೋಡಲಿಲ್ಲ. ಹನೂರಿನ ನಕ್ಷೆ ಒಂದೇ ಹೆಸರಿನಲ್ಲಿ ಎರಡಿದ್ದವು. ಹಳೆಯದು ದಂಡ ಎಂದುಕೊಂಡು, ಬಸ್ಸಿನ ಅವಸರದಲ್ಲಿ ಅಳಿಸಿಯೇಬಿಟ್ಟೆ. ಉಳಿದವೆಲ್ಲ ನಿಂತಿದ್ದು ಆ ಹಳೆಯದರ ಮೇಲೇ. ಮರುದಿನ ಬೆಳಗ್ಗೆ ಹನೂರಿನಲ್ಲಿ ಪೈಪು ಒಡೆದಾಗ, ನೀರು ಬಿಡುವ ನೀರುಗಂಟಿಯ ಮೊಬೈಲಿನಲ್ಲಿ ನಕ್ಷೆ ಖಾಲಿ. ಯಾವ ವಾಲ್ವು ಮುಚ್ಚಬೇಕೋ ತಿಳಿಯದೆ ಮಧ್ಯಾಹ್ನದವರೆಗೂ ನೀರು ರಸ್ತೆಯಲ್ಲಿ ಹರಿಯಿತು. ಕೊನೆಗೆ ಆ ಹಿರಿಯರೇ ಕಾಗದದ ನಕ್ಷೆಯನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ತೋರಿಸಿ ಬಂದರು.

ಸಾಹೇಬರು ಕೆಂಡವಾಗಿದ್ದರು. "ಯಾರು ಅಳಿಸಿದ್ದು?" ಎಂದು ಕೇಳಿದರು. ನಾನು ಕೀಬೋರ್ಡು ನೋಡುತ್ತಾ ಕೂತೆ.

"ನಾನೇ ಸಾ, ತಗ್ದಾಕು ಅಂದಿದ್ದು. ವಯಸ್ಸಾಯ್ತಲ್ಲ, ಮರ್ತೋಯ್ತು" ಎಂದರು ಅವರು.

ನಿವೃತ್ತಿಯ ನಂತರ ಇನ್ನೊಂದು ವರ್ಷ ಉಳಿಸಿಕೊಳ್ಳಿ, ಯಳಂದೂರಿನ ನಕ್ಷೆಗಳನ್ನು ಮುಗಿಸಿಕೊಡುತ್ತೇನೆ ಎಂಬ ಅವರ ಅರ್ಜಿ ಆಗ ಸಾಹೇಬರ ಮೇಜಿನ ಮೇಲೇ ಇತ್ತು. ಅದು ಅಂದೇ ಸಹಿಯಿಲ್ಲದೆ ವಾಪಸ್ಸಾಯಿತು. ಕೊನೆಯ ದಿನ ಬೀರುವಿನ ಬೀಗದ ಕೈ ನನಗೆ ಕೊಡುತ್ತಾ, "ನಿಂಗೆ ಕೆಲ್ಸ ಬೇಕು ಕಣವ್ವ. ನಂದು ಬರೀ ಆಸೆ" ಎಂದರು. ಅಷ್ಟೇ... ನಾಲ್ಕು ಮಾತು ಬೈದಿದ್ದರೂ ಚೆನ್ನಾಗಿತ್ತು.

ಅವರಿದ್ದ ಮಧುವನಹಳ್ಳಿ ಇಲ್ಲಿಂದ ಎಷ್ಟು ದೂರ? ಈ ಭಾನುವಾರ ಹೋಗಿ ತಪ್ಪಾಯ್ತು ಅನ್ನೋಣ, ಬರುವ ಭಾನುವಾರ ಅನ್ನೋಣ ಎನ್ನುತ್ತಲೇ ವರ್ಷಗಳು ಕಳೆದವು. ಹೋದ ವರ್ಷ ಅವರು ತೀರಿಕೊಂಡರು. ನನಗೆ ಗೊತ್ತಾಗುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ಈಗ ಯಳಂದೂರಿನ ಸುರುಳಿಯ ದಾರ ಹಿಡಿದು ತುದಿಯವರೆಗೂ ನೋಡಿದೆ. ಮುಂದೆ ಬರೆಯಬೇಕಿದ್ದ ನಕ್ಷೆಗೆಂದು ಕುಣಿಕೆ ಹಾಕಿಟ್ಟಿದ್ದರು. ಕುಣಿಕೆ ಹಾಗೇ ಖಾಲಿ ಇತ್ತು.

"ಅಳಿಸಿದ್ದು ನಾನು, ಸಾ" ಎಂದೆ ಬೀರುವಿನ ಮುಂದೆ ನಿಂತು.

ಪಕ್ಕದ ಮೇಜಿನ ಗುಮಾಸ್ತರು ತಲೆ ಎತ್ತಿದರು. "ಏನಾರ ಅಂದ್ರಾ ಮೇಡಂ?"

"ಏನಿಲ್ಲ" ಎಂದೆ.