ಬೊಟ್ಟಿಲ್ಲದ ಮೂರು ವಾರ

ನನ್ನ ಹಣೆಯ ಬೊಟ್ಟು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿತ್ತು. "ಮುಂದಿನ ವರ್ಷ ಮೂಗಿನ ಮ್ಯಾಲೂ ಬರ್ತೈತೇನು?" ಎಂದು ನಮ್ಮ ಯಜಮಾನರು ನಗುತ್ತಿದ್ದರು. ಅಂಟಿಸುವ ಬೊಟ್ಟಿನ ಗೋಂದಿಗೆ ಹಣೆಯ ಮೇಲೆ ಬಿಳಿ ಕಲೆಯಾಗಿತ್ತು. ಅದನ್ನು ಮುಚ್ಚಲು ದೊಡ್ಡ ಬೊಟ್ಟು, ಕಲೆ ಅದನ್ನೂ ದಾಟಿದ ಮೇಲೆ ಅಗಲವಾಗಿ ಕುಂಕುಮ. ಕೊಕ್ಕನೂರಿನ ಗದ್ದೆಯಲ್ಲಿ ನಾಟಿ, ಕಳೆ ಎಂದು ದಿನವಿಡೀ ಬಿಸಿಲಲ್ಲಿರುವವಳು ನಾನು. ಕಲೆಯ ಅಂಚಿನಲ್ಲಿ ಒರಟು ಹಕ್ಕಳೆ ಎದ್ದಾಗಲೂ ನನಗೆ ಹೊಳೆದದ್ದು ಅದೇ ಔಷಧ, ಇನ್ನಷ್ಟು ಕುಂಕುಮ.

ಹಕ್ಕಳೆ ಕಿತ್ತರೆ ರಕ್ತ, ಬಿಟ್ಟರೆ ಮತ್ತೆ ಹಕ್ಕಳೆ. ಕೊನೆಗೆ ಅತ್ತೆಯೇ ನನ್ನನ್ನು ಬಸ್ಸು ಹತ್ತಿಸಿ ದಾವಣಗೆರೆಗೆ ಎಳೆದೊಯ್ದರು. ಕೆ.ಬಿ. ಬಡಾವಣೆಯ ಚರ್ಮದ ಡಾಕ್ಟರಮ್ಮ ಒದ್ದೆ ಹತ್ತಿಯಿಂದ ನನ್ನ ಹಣೆ ಒರೆಸಿ, "ಬಿಳಿ ಚರ್ಮಕ್ಕೆ ಬಿಸಿಲು ತಡಿಯೋ ಶಕ್ತಿ ಇರಲ್ರಿ. ಸುಟ್ಟು ಸುಟ್ಟು ಹಿಂಗಾಗೈತೆ" ಎಂದರು. ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬರುವವರೆಗೆ ನನಗೆ ಊಟ ಸೇರಲಿಲ್ಲ, ಅಷ್ಟು ಹೆದರಿದ್ದೆ.

ರಿಪೋರ್ಟು ನೋಡಿ ಡಾಕ್ಟರಮ್ಮ ಹೇಳಿದರು, "ಕ್ಯಾನ್ಸರ್ ಅಲ್ರಿ. ಬಿಟ್ರೆ ಆಗಬಹುದು. ಲೇಸರ್ನಾಗೆ ಮೇಲಿನ ಪದರ ತೆಗೀತೀನಿ."

"ಮಾಡ್ರಿ ಡಾಕ್ಟ್ರೇ, ಇವತ್ತೇ ಮಾಡ್ರಿ."

"ಮೂರು ವಾರ ಬೊಟ್ಟು, ಕುಂಕುಮ, ಅರಿಶಿಣ ಏನೂ ಹಚ್ಚಂಗಿಲ್ಲ."

"ಹಂಗಾದ್ರೆ ಬ್ಯಾಡ್ರಿ" ಎಂದು ಎದ್ದೇಬಿಟ್ಟೆ. ಎರಡು ವಾರಕ್ಕೆ ಹದಡಿಯಲ್ಲಿ ನಾದಿನಿಯ ಮಗಳ ಮದುವೆ. ಗಂಡ ಗುಂಡುಕಲ್ಲಿನಂತಿರುವಾಗ ಬರೀ ಹಣೆಯಲ್ಲಿ ಹೋಗುವುದೇ?

ಪಕ್ಕದ ಕುರ್ಚಿಯಲ್ಲಿದ್ದ ಅತ್ತೆ ನನ್ನ ಸೆರಗು ಜಗ್ಗಿದರು. ಮಾವ ತೀರಿಕೊಂಡು ಬಹಳ ವರ್ಷಗಳಾಗಿವೆ. "ಕುಂದ್ರೇ ಸುಮ್ನೆ. ನಾನು ಇಷ್ಟು ವರ್ಷ ಬರೀ ಹಣ್ಯಾಗೆ ಬದುಕಿಲ್ಲೇನು? ನಿಂಗೆ ಮೂರು ವಾರ ಆಗಂಗಿಲ್ಲಾ?"

ತೆಪ್ಪಗೆ ಕೂತೆ.

ಲೇಸರ್ ಎಂದರೆ ಏನೋ ಎಂದುಕೊಂಡಿದ್ದೆ. ಮರಗಟ್ಟುವ ಮುಲಾಮು ಹಚ್ಚಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಚಟಚಟ ಎನ್ನಿಸಿ ಮುಗಿಸಿದರು. ಕೂದಲು ಸುಟ್ಟ ವಾಸನೆ ಬಂತು, ಅಷ್ಟೆ. ಆಮೇಲೆ ಹಣೆ ಕೆಂಪಾಗಿ ಊದಿ, ಒಸರಿ, ಒಣಗತೊಡಗಿತು. ನಾನು ಮನೆಯೊಳಗೇ ಕೂತು ಎಲ್ಲರ ಮೇಲೂ ರೇಗುತ್ತಿದ್ದೆ.

ಹದಡಿಯ ಮದುವೆಗೆ ಹೋದೆ. ಸೆರಗು ಹೊದ್ದು ಅತ್ತೆಯ ಪಕ್ಕ, ಗೋಡೆಗೆ ಒರಗಿ ಕೂತೆ. ಅರಿಶಿಣ ಕುಂಕುಮದ ತಟ್ಟೆ ಹಿಡಿದ ಹುಡುಗಿ ಒಬ್ಬೊಬ್ಬರಿಗೇ ಹಚ್ಚುತ್ತ ಬಂದವಳು ನನ್ನ ಹಣೆ ನೋಡಿ ತಡೆದಳು. ಪಾಪ, ಕಣ್ಣು ತಗ್ಗಿಸಿ ಮುಂದೆ ಹೊರಟಳು.

"ಏ ಹುಡುಗಿ, ಆಕಿ ಗಂಡ ಅಲ್ಲಿ ಮೂರನೇ ಹೋಳಿಗಿ ತಿನ್ನಾಕತ್ತ್ಯಾನೆ ನೋಡು! ಹಣಿಗೆ ಬ್ಯಾಡ, ತಾಳಿಗೆ ಹಚ್ಚು" ಎಂದು ಅತ್ತೆ ಕೂಗಿದರು. ಸುತ್ತಲಿನವರೆಲ್ಲ ಗೊಳ್ಳೆಂದು ನಕ್ಕರು. ಹುಡುಗಿ ನಾಚಿ, ನನ್ನ ತಾಳಿಗೆ ಕುಂಕುಮವಿಟ್ಟು, ಅತ್ತೆಯನ್ನು ದಾಟಿ ಮುಂದಿನವರ ಬಳಿ ಹೋದಳು.

ನನ್ನ ಹಣೆ ಈಗ ವಾಸಿಯಾಗಿದೆ, ಸಣ್ಣ ಕುಂಕುಮವೂ ಬಂದಿದೆ. ಆದರೆ ಅವತ್ತು, ಅತ್ತೆ ಇನ್ನೂ ನಗುತ್ತಿದ್ದಾಗ, ನನಗೆ ನಗಲು ಆಗಲಿಲ್ಲ. ನಮ್ಮ ಮನೆಯಲ್ಲೇ ತಟ್ಟೆ ಹಿಡಿದು, ಕಣ್ಣು ಕೂಡ ತಗ್ಗಿಸದೆ, ಅತ್ತೆಯನ್ನು ದಾಟಿ ಹೋಗುತ್ತಿದ್ದವಳು ನಾನೇ.