ಎಕೂಮನ ಅಗಿತ

ಸಂಘಾ ನದಿಯ ಎರಡೂ ದಡಗಳಲ್ಲಿ ಎಕೂಮ ಅಗಿಯುವ ಸದ್ದಿಗೆ ಸಮನಾದ ಸದ್ದು ಇನ್ನೊಂದಿಲ್ಲ. ಅದನ್ನು ಕೇಳಿ ಆನೆ ದಾರಿ ಬಿಟ್ಟಿತಂತೆ, ಗುಡುಗು ನಾಚಿಕೊಂಡು ಕ್ಯಾಮರೂನಿನ ಕಡೆ ಹೋಯಿತಂತೆ. ನಮ್ಮ ಮರ ಕಡಿಯುವ ತಂಡದಲ್ಲಿ ಎಲ್ಲರಿಗಿಂತ ಮುಂದೆ ನಡೆಯುವವನು ಅವನೇ. ಸೊಂಟದಲ್ಲಿ ಕತ್ತಿ, ಹೆಗಲ ಚೀಲದಲ್ಲಿ ಎಲೆ ಸುತ್ತಿ ಬೇಯಿಸಿದ ಮರಗೆಣಸಿನ ಉಂಡೆ.

ಆ ದಿನ ಹಳೆಯ ಲಾರಿ ದಾರಿಯಲ್ಲಿ ಹೋಗುತ್ತಿದ್ದೆವು. ಮರ ಹೋದ ಜಾಗದಲ್ಲೆಲ್ಲ ಆಳೆತ್ತರದ ಎಲೆಗಿಡ ಬೆಳೆದಿತ್ತು. ಅದರ ದಂಟೆಂದರೆ ಗೊರಿಲ್ಲಗಳಿಗೆ ಪ್ರಾಣ. ಮೊದಲು ಹುಳಿ ಬೆವರಿನ ವಾಸನೆ ಬಂತು, ಆಮೇಲೆ ಹಕ್ಕಿಗಳು ಸುಮ್ಮನಾದವು. ಗರಗಸ ಹೊತ್ತ ಬೊಯೆಲಿ ಹಿಂದೆ ಸರಿಯಲು ಹೋಗಿ, ಬಳ್ಳಿಗೆ ಕಾಲು ಸಿಕ್ಕಿಸಿಕೊಂಡು ಬಿದ್ದ.

"ಅಣ್ಣ, ಬಿಟ್ಟು ಹೋಗ್ಬೇಡ," ಎಂದು ಪಿಸುಗುಟ್ಟಿದ.

ಬೆಳ್ಳಿ ಬೆನ್ನಿನ ಗಂಡು ಗೊರಿಲ್ಲ ಅಬ್ಬರಿಸುತ್ತಾ ನುಗ್ಗಿತು. ನಾವು ಉಳಿದವರು ಕಂಡಕಂಡ ಮರದ ಹಿಂದೆ ಅವಿತೆವು. ಎಕೂಮ ಓಡಲಿಲ್ಲ, ಕತ್ತಿ ಎತ್ತಲಿಲ್ಲ. ಬೊಯೆಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ನೆಲ ನೋಡುತ್ತಾ, ಉಂಡೆ ಬಿಚ್ಚಿ ಅಗಿಯತೊಡಗಿದ. ಗೊರಿಲ್ಲ ಕೈಗೆಟುಕುವಷ್ಟು ಹತ್ತಿರ ಬಂದು ನಿಂತಿತು. ಅದರ ಉಸಿರಿಗೆ ಅವನ ಅಂಗಿಯ ಕಾಲರು ಅಲುಗುತ್ತಿತ್ತು. ಅವನು ಅಗಿದ, ಅದು ನೋಡಿತು. ಕೊನೆಗೆ ಒಂದು ದಂಟು ಕಿತ್ತು, ತಾನೂ ಅಗಿಯುತ್ತಾ, ಎಲೆಗಳೊಳಗೆ ಹೊರಟುಹೋಯಿತು.

ಬೊಯೆಲಿ ಅವನ ಕಾಲು ಹಿಡಿದ. "ಅಣ್ಣ, ಈ ವಿದ್ಯೆ ಯಾರು ಹೇಳ್ಕೊಟ್ರು? ನಿಮ್ಮಜ್ಜನಾ?"

"ವಿದ್ಯೆ ಎಂಥದ್ದೋ. ಹೆದರಿಕೆ ಆದ್ರೆ ನಂಗೆ ಹಸಿವಾಗ್ತದೆ," ಎಂದ ಎಕೂಮ. "ನಿನ್ನ ಉಂಡೆ ಇದೆಯಲ್ಲ, ಕೊಡು ಇಲ್ಲಿ. ಇನ್ನೂ ನಡುಕ ನಿಂತಿಲ್ಲ."