ಗೌಸಣ್ಣನ ಎರಡು ಸ್ಟೇರಿಂಗ್

ರೇಸು ಶುರುವಾಗುವ ಮುಂಚೆ ಗೌಸಣ್ಣ ಚಪ್ಪಲಿ ಬಿಟ್ಟು, ಟವೆಲಿನಿಂದ ಅಂಗಾಲು ಒರೆಸಿಕೊಳ್ಳುತ್ತಿದ್ದರು. ಆಮೇಲೆ ರೇಸು ಮುಗಿಯುವವರೆಗೆ ಅವರ ಕಿವಿಗೆ ಯಾರ ಮಾತೂ ಬೀಳುತ್ತಿರಲಿಲ್ಲ.

ಬಟವಾಡಿ ಬಡಾವಣೆಯ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ದಿನಾ ಗುಬ್ಬಿಯ ಹೈಸ್ಕೂಲಿಗೆ ಹೋಗಿಬರುವ ಮೇಷ್ಟ್ರು. ಕೆಳಗೆ ಅವರ ಹಾಲಿನಲ್ಲಿ, ಸೋಫಾ ಇರಬೇಕಾದ ಕಡೆ, ಗುಜರಿಯಿಂದ ತಂದ ಬಸ್ಸಿನ ಡ್ರೈವರ್ ಸೀಟು. ಹಲಗೆಗೆ ಬೋಲ್ಟು ಹಾಕಿದ ಸ್ಟೇರಿಂಗು, ಮೂರು ಪೆಡಲ್ಲು, ಎದುರಿಗೆ ದೊಡ್ಡ ಟೀವಿ. ಅದರಲ್ಲಿನ ವಿಡಿಯೋ ಗೇಮಿನಲ್ಲಿ ಅವರು ಓಡಿಸುತ್ತಿದ್ದದ್ದು ಅರವತ್ತರ ದಶಕದ ಫಾರ್ಮುಲಾ ರೇಸ್ ಕಾರುಗಳನ್ನು ಮಾತ್ರ. ಸೀಟ್ ಬೆಲ್ಟೂ ಇಲ್ಲದ, ಪೆಟ್ರೋಲ್ ಟ್ಯಾಂಕುಗಳ ನಡುವೆ ಮನುಷ್ಯನನ್ನು ಮಲಗಿಸಿದಂಥ ಕಾರುಗಳು.

"ಹೊಸ ಕಾರು ಯಾಕೆ ಬೇಡ?" ಅಂತ ಒಮ್ಮೆ ಕೇಳಿದ್ದೆ.

"ಹೊಸವು ನಮ್ ತಪ್ಪನ್ನ ಮುಚ್ಚಾಕ್ತವೆ ಮೇಷ್ಟ್ರೇ. ಇದು ಮುಚ್ಚಾಕಲ್ಲ. ಒಂದ್ಸಲ ಮೈಮರೆತ್ರೆ ಮುಗೀತು."

ಒಂದು ಭಾನುವಾರ ಪರದೆಯ ಮೇಲೆ ಮಳೆ. ಮುಂದಿದ್ದ ಕಾರು ತಿರುವಿನಲ್ಲಿ ಜಾರಿ ಅಡ್ಡ ನಿಂತಿತು. ಗೌಸಣ್ಣನ ಕಾರಿನ ಹಿಂಭಾಗವೂ ಪಕ್ಕಕ್ಕೆ ಎಳೆಯತೊಡಗಿತು. ಅವರು ಬ್ರೇಕ್ ತುಳಿಯಲಿಲ್ಲ. "ಗೋಡೆ ನೋಡ್ಬ್ಯಾಡ, ದಾರಿ ನೋಡು" ಎಂದು ತಮಗೆ ತಾವೇ ಗದರಿಕೊಳ್ಳುತ್ತಾ ಗೇರು ಇಳಿಸಿದರು. ಕಾರು ನಡುಗಿ, ನೆಟ್ಟಗಾಗಿ, ಮುಂದಕ್ಕೆ ಹೋಯಿತು. ನನ್ನ ಟೀ ಪೂರ್ತಿ ಆರಿಹೋಗಿತ್ತು.

"ಗೆಲ್ಲಕ್ಕೆ ಅಂತ ಓಡ್ಸಲ್ಲ ಇವ್ರು," ಎಂದರು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಶಾಹೀನಕ್ಕ. "ಜಾರೋ ಗಾಡಿನ ಹಿಡ್ಯಕ್ಕೆ ಓಡಿಸ್ತಾರೆ."

ಇದರ ಹಿಂದಿನ ಕತೆ ಹೇಳಿದವರೂ ಅವರೇ. ಗೌಸಣ್ಣ ಮೊದಲು ಪ್ರೈವೇಟ್ ಬಸ್ಸಿನ ಡ್ರೈವರ್. ಗುಬ್ಬಿ ರೋಡಿನಲ್ಲಿ ಟಯರು ಸಿಡಿದು ಬಸ್ಸು ಮರಕ್ಕೆ ಗುದ್ದಿತು. ಮುಂದಿನ ಸೀಟಿನಲ್ಲಿದ್ದ ಅಜ್ಜಿ ತೀರಿಕೊಂಡರು. ಡ್ರೈವರದು ತಪ್ಪಿಲ್ಲ ಎಂದು ಕೋರ್ಟೇ ಹೇಳಿದರೂ ಅವರು ಮತ್ತೆ ನಿಜವಾದ ಗಾಡಿ ಮುಟ್ಟಲಿಲ್ಲ. ಶಾಹೀನಕ್ಕನೇ ಕಾರು ಕಲಿತರು. ಅವರು ಓಡಿಸಿದರೆ ಗೌಸಣ್ಣ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು.

ಒಮ್ಮೆ ಹುಲಿಯೂರುದುರ್ಗದಲ್ಲಿ ಅವರ ನೆಂಟರ ಮದುವೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮಧ್ಯಾಹ್ನ ಊಟ ಮುಗಿಸಿ ಕುಣಿಗಲ್ ಕಡೆ ಬರುವಾಗ ಶಾಹೀನಕ್ಕನ ಉಸಿರು ಸಿಕ್ಕಿಕೊಂಡಿತು. ಅವರಿಗೆ ಆಸ್ತಮಾ. ಹೇಗೋ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಬ್ಯಾಗಿನಿಂದ ಇನ್‌ಹೇಲರ್ ತೆಗೆದು ಒತ್ತಿದರು. ಖಾಲಿ. ತುಟಿ ನೀಲಿಗಟ್ಟುತ್ತಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಬರುವುದು ತಡವಾಗುತ್ತೆ ಅಂದರು. ಕೈ ಅಡ್ಡ ಹಿಡಿದರೆ ಒಂದು ಗಾಡಿಯೂ ನಿಲ್ಲಲಿಲ್ಲ.

"ಮೇಷ್ಟ್ರೇ, ನೀವು..." ಎಂದರು ಗೌಸಣ್ಣ.

"ನಂಗೆ ಡ್ರೈವಿಂಗ್ ಬರಲ್ಲ ಗೌಸಣ್ಣ."

ನಾವಿಬ್ಬರೂ ಶಾಹೀನಕ್ಕನನ್ನು ಹಿಂದಕ್ಕೆ ಕೂರಿಸಿದೆವು. ಗೌಸಣ್ಣ ಚಪ್ಪಲಿ ಕಳಚಿ ಸ್ಟೇರಿಂಗ್ ಮುಂದೆ ಕೂತರು. ಕೀ ತಿರುಗಿಸಿದರು.

ಟೀವಿಯಲ್ಲಿ ಕಂಡಂತೆ ಹಾರಿಸುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಕಾರು ಎತ್ತಿನ ಗಾಡಿಯ ಹಾಗೆ ಹೊರಟಿತು. ಹಿಂದಿನ ಲಾರಿಯವನು ಹಾರನ್ ಬಾರಿಸಿ ಬೈದುಕೊಂಡು ಮುಂದೆ ಹೋದ. ಹಿಂದೆ ಶಾಹೀನಕ್ಕ ಶಿಳ್ಳೆ ಹೊಡೆದಂತೆ ಉಸಿರೆಳೆಯುತ್ತಿದ್ದರು.

"ಸ್ವಲ್ಪ ಜೋರಾಗಿ ಹೋಗಿ ಗೌಸಣ್ಣ!" ಎಂದು ನಾನು ಕೂಗಿಯೇಬಿಟ್ಟೆ.

"ಇವಳನ್ನ ತಲುಪಿಸ್ಬೇಕು ಮೇಷ್ಟ್ರೇ. ಸುಮ್ಕಿರಿ." ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ರೋಡಿನ ಪಕ್ಕದ ಒಂದೊಂದು ಮರ ಬಂದಾಗಲೂ ಅವರ ಭುಜ ಬಿಗಿಯುತ್ತಿತ್ತು, ದಾಟಿದ ಮೇಲೆ ಸಡಿಲವಾಗುತ್ತಿತ್ತು. ಊರು ಹತ್ತಿರವಾದಂತೆ ಕಾರು ಥರ್ಡ್ ಗೇರಿಗೆ ಬಂತು, ಫೋರ್ತಿಗೂ ಬಂತು.

ಕುಣಿಗಲ್ ಆಸ್ಪತ್ರೆಯವರು ಸ್ಟ್ರೆಚರಿನಲ್ಲಿ ಶಾಹೀನಕ್ಕನನ್ನು ಒಳಗೆ ಕರೆದೊಯ್ದರು. ಗೌಸಣ್ಣ ಕಾರಿನಿಂದ ಇಳಿಯಲಿಲ್ಲ. ನೋಡಿದರೆ ಬೆರಳುಗಳು ಸ್ಟೇರಿಂಗಿಗೆ ಕಚ್ಚಿಕೊಂಡಿದ್ದವು. ಒಂದೊಂದೇ ಬೆರಳು ಬಿಡಿಸಿದೆ.

"ಉಸಿರಾಡ್ತಾವ್ಳಾ?"

"ಆಡ್ತಿದಾರೆ. ಮಾಸ್ಕ್ ಹಾಕವ್ರೆ. ಬನ್ನಿ."

ಅವರು ಸ್ಟೇರಿಂಗಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು.

ಆಮೇಲೆ ನನಗೆ ವರ್ಗವಾಯಿತು. ಗೌಸಣ್ಣನ ಜೊತೆ ಫೋನಿನಲ್ಲಿ ಮಾತಾಡಿದರೆ ಆರೋಗ್ಯ, ಮಳೆ, ಅಷ್ಟೇ. ಆ ದಿನದ ಸುದ್ದಿಯನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಹೋದ ವರ್ಷ ಗೌಸಣ್ಣ ನಿದ್ದೆಯಲ್ಲೇ ಹೋಗಿಬಿಟ್ಟರು. ಮಣ್ಣಿಗೆ ಹೋಗಲು ನನಗಾಗಲಿಲ್ಲ. ಎರಡು ದಿನ ಬಿಟ್ಟು ಹೋದಾಗ ಶಾಹೀನಕ್ಕ ನಾನು ಕೇಳದೆಯೇ ಹೇಳಿದರು.

"ಆವತ್ತಾದ್ಮೇಲೆ ಅವರೇ ಕಾರು ಓಡಿಸ್ತಿದ್ರು ಮೇಷ್ಟ್ರೇ. ಕುಣಿಗಲ್‌ನಲ್ಲಿ ನಮ್ಮಕ್ಕನ ಮನೆ ಇದೆಯಲ್ಲ, ಅಲ್ಲೀವರೆಗೂ."

"ಹೆಂಗೆ ಓಡಿಸ್ತಿದ್ರು?"

"ಅಯ್ಯೋ, ಸೈಕಲ್‌ನೋರು ನಮ್ಮನ್ನೇ ಸೈಡ್ ಹೊಡ್ಕೊಂಡು ಮುಂದೆ ಹೋಗೋರು!" ಶಾಹೀನಕ್ಕ ನಗತೊಡಗಿದರು. ನಗುತ್ತಲೇ ದುಪಟ್ಟಾದಿಂದ ಮುಖ ಮುಚ್ಚಿಕೊಂಡರು.